ಮಿಡಿಗೇಶಿ ಬಸ್ಸಿನಲ್ಲಿ ಮಸ್ಟ್ಯಾಂಗ್ ಪುರಾಣ

ಸಾವಿನ ಮನೆಯಲ್ಲಿ ನಗಬಾರದು ಅನ್ನುವುದು ನನಗೂ ಗೊತ್ತು. ಆದರೂ ನಮ್ಮ ಟೀಚರ ತಿಥಿಯ ದಿನ ನಾನು ನಕ್ಕುಬಿಟ್ಟೆ. ಅದೂ ತುಟಿಯಂಚಿನ ನಗೆಯಲ್ಲ, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದ ನಗೆ. ನಮ್ಮ ಕಡೆ ತಿಥಿಯ ದಿನ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಯ ಮೇಲೆ ಎಡೆ ಇಡುತ್ತಾರೆ. ಟೀಚರ ಫೋಟೋದ ಮುಂದೆ ಒಬ್ಬಟ್ಟು, ಚಕ್ಕುಲಿ, ಹಿತಕಿದ ಬೇಳೆ ಸಾರು, ಒಂದು ಲೋಟ ಕಾಫಿ ಎಲ್ಲ ಇತ್ತು. ಅವುಗಳ ಪಕ್ಕದಲ್ಲಿ ಮೊಮ್ಮಗಳು ತನ್ನ ಕೆಂಪು ಆಟಿಕೆ ಕಾರು ತಂದಿಟ್ಟಿದ್ದಳು. ಅದಕ್ಕೂ ಚಿಟಿಕೆ ಅರಿಶಿನ, ಒಂದು ಸೇವಂತಿಗೆ. ಯಾರೋ ಹಿರಿಯರು ಇದೇನಿದು ಅನಿಷ್ಟ ಎಂದು ತೆಗೆಯಲು ಬಗ್ಗಿದರೆ ಟೀಚರ ಯಜಮಾನರು ಅವರ ಕೈ ಹಿಡಿದು, ಒಬ್ಬಟ್ಟು ಬೇಕಾದರೆ ತೆಗೆಯಿರಿ, ಕಾರು ಮಾತ್ರ ಇರಲಿ ಅಂದರು. ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ನನ್ನನ್ನು ನೋಡಿ ಅವರೂ ನಕ್ಕರು. ನಗುತ್ತಾ ನಗುತ್ತಾ ಇಬ್ಬರೂ ಅತ್ತೆವು. ಕೂತಿದ್ದವರೆಲ್ಲ ನಮಗೆ ತಲೆ ಕೆಟ್ಟಿದೆ ಎಂದೇ ತಿಳಿದರು.

ತಿಳಿಯಲಿ ಬಿಡಿ. ಅವರ್ಯಾರೂ ಟೀಚರ ಜೊತೆ ಬಸ್ಸಿನಲ್ಲಿ ಓಡಾಡಿದವರಲ್ಲ.

ನಾನು ಕೊರಟಗೆರೆ ತಾಲ್ಲೂಕಿನವಳು, ತೋವಿನಕೆರೆ ಕಡೆ. ವರ್ಗವಾಗಿ ಮಧುಗಿರಿಗೆ ಬಂದು, ಮಿಡಿಗೇಶಿಯಿಂದ ಆಚೆ ಪಾವಗಡದ ರಸ್ತೆಯಲ್ಲಿರುವ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಹೋಗತೊಡಗಿದೆ. ಆಗ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಸ್ಸು ತಡವಾದರೆ ಕೋಪ, ಬೇಗ ಬಂದುಬಿಟ್ಟರೆ ಇನ್ನೂ ಕೋಪ. ಮೊದಲ ದಿನ ಬಸ್ಸು ಹತ್ತಿದಾಗ ಕಿಟಕಿ ಪಕ್ಕದಲ್ಲಿ ಅದೇ ಶಾಲೆಯ ಹಿರಿಯ ಟೀಚರೊಬ್ಬರು ಕೂತಿದ್ದರು. ಎಣ್ಣೆ ಹಚ್ಚಿ ಬಿಗಿದ ಜಡೆ, ಗಂಜಿ ಹಾಕಿದ ಕಾಟನ್ ಸೀರೆ, ತೊಡೆಯ ಮೇಲೆ ಊಟದ ಕ್ಯಾರಿಯರು. ನೀನೇನಾ ಹೊಸ ಗಣಿತದ ಟೀಚರು ಎಂದು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಹೊಸಬರನ್ನು ಕೇಳುವ ಮಾಮೂಲಿ ಪ್ರಶ್ನೆಗಳನ್ನು ಒಂದನ್ನೂ ಕೇಳಲಿಲ್ಲ. ಅಮೆರಿಕದ ಕಾರುಗಳ ಬಗ್ಗೆ ಏನಾದರೂ ಗೊತ್ತಾ ಎಂದು ಕೇಳಿದರು.

ಚೀಟಿಯೋ ಇನ್ಶೂರೆನ್ಸೋ ಮಾಡಿಸುವ ಪೀಠಿಕೆ ಇದು ಎಂದುಕೊಂಡೆ ನಾನು. ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಅಂದೆ. ಟೀಚರ ಮುಖ ಅರಳಿತು.

"ಒಳ್ಳೇದಾಯ್ತು ಬುಡು. ಹಂಗಾದ್ರೆ ಮೊದ್ಲಿಂದ ಹೇಳ್ಬೋದು."

ಹೇಳಿದರು. ವರ್ಷಗಟ್ಟಲೆ ಹೇಳಿದರು. ಮಧುಗಿರಿಯಲ್ಲಿ ಬಸ್ಸು ಹೊರಟರೆ ಪುರಾಣ ಶುರು, ನಮ್ಮ ಸ್ಟಾಪು ಬಂದರೆ ಮಂಗಳ. ಸಂಜೆ ವಾಪಸು ಬರುವಾಗ ಬಿಟ್ಟಲ್ಲಿಂದ ಮುಂದಕ್ಕೆ. ಪುರಾಣದ ನಾಯಕ ಒಂದು ಕಾರು. ಹೆಸರು ಮಸ್ಟ್ಯಾಂಗ್. ಆ ಕಡೆಯ ಬಯಲುಗಳಲ್ಲಿ ಹಗ್ಗಕ್ಕೆ ಸಿಗದೆ ಓಡಾಡುವ ಕಾಡುಕುದುರೆಗೆ ಹಾಗೆ ಅನ್ನುತ್ತಾರಂತೆ. ಮೈಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ ತುಂಬಿಕೊಂಡ ಇಂಥ ಕಾರುಗಳಿಗೆ ಅಲ್ಲಿಯ ಜನ ಮಸಲ್ ಕಾರು ಅನ್ನುತ್ತಾರೆ. ನಮ್ಮ ಟೀಚರು ಅದನ್ನು ಗರಡಿಮನೆ ಕಾರು ಎಂದು ಕನ್ನಡ ಮಾಡಿದ್ದರು.

ಈ ಹುಚ್ಚು ಹತ್ತಿದ್ದು ಎಲ್ಲಿ ಎಂದು ನಾನೇ ಒಮ್ಮೆ ಕೇಳಿದೆ. ಸಿರಾದಲ್ಲಿ ಹತ್ತಿತಂತೆ. ಟೀಚರ ತವರು ಕಳ್ಳಂಬೆಳ್ಳ. ಹೈಸ್ಕೂಲಿಗೆ ಸಿರಾಕ್ಕೆ ಬಸ್ಸಿನಲ್ಲಿ ಹೋಗಿಬರುವಾಗ ಹೆದ್ದಾರಿ ಪಕ್ಕದ ಒಂದು ಟೈರು ಅಂಗಡಿಯ ಮುಂದೆ ಬಸ್ಸು ಕಾಯುತ್ತಿದ್ದರು. ಅಂಗಡಿಯ ಗೋಡೆಯಲ್ಲಿ ಒಂದು ಕ್ಯಾಲೆಂಡರು, ಅದರಲ್ಲಿ ಈ ಕಾರು. ದಿನಾ ಕತ್ತು ಚಾಚಿ ನೋಡುವ ಹುಡುಗಿಯನ್ನು ಅಂಗಡಿಯ ಸಾಬರು ಗಮನಿಸಿದ್ದರು. ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ಸುತ್ತಿ, ಲೇ ಜಾ ಬೇಟಿ ಎಂದು ಕೊಟ್ಟುಬಿಟ್ಟರಂತೆ. ಮನೆಯಲ್ಲಿ ಗೋಡೆಗೆ ನೇತುಹಾಕಿದರೆ ಅವ್ವ ಅದರ ಮೇಲೆ ದೇವರ ಕ್ಯಾಲೆಂಡರು ಮುಚ್ಚಿದಳು. ಮಗಳು ಬೆಳಿಗ್ಗೆ ಎದ್ದ ಕೂಡಲೇ ಹೋಗಿ, ದೇವರನ್ನು ಮೆಲ್ಲಗೆ ಎತ್ತಿ, ಕೆಳಗಿನ ಕಾರು ನೋಡಿ, ಮತ್ತೆ ದೇವರನ್ನು ಇಳಿಸಿ ಬರುತ್ತಿದ್ದಳು. ನಮ್ಮ ಹುಡುಗಿಗೆ ಏನು ಭಕ್ತಿ ಎಂದು ಅವ್ವ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳಂತೆ.

ಆಮೇಲೆ ಸಿಕ್ಕ ಸಿಕ್ಕ ಕಡೆ ಓದಿದರು. ಲೈಬ್ರರಿಯ ಹಳೆಯ ಮ್ಯಾಗಜೀನು, ಕೊನೆಗೆ ಕೈಗೆ ಮೊಬೈಲು ಬಂದ ಮೇಲೆ ಕೇಳುವುದೇ ಬೇಡ. ಮಧ್ಯಾಹ್ನ ಬಿಸಿಯೂಟ ಬಡಿಸಿ ಬಂದು ಕ್ಯಾರಿಯರು ಬಿಚ್ಚಿದರೆ ಅದರ ಮುಂದೆ ಮೊಬೈಲು ಒರಗಿಸಿ, ಯಾವನೋ ಬಿಳಿ ದೊರೆ ಗ್ಯಾರೇಜಿನಲ್ಲಿ ಹಳೆ ಕಾರಿನ ತುಕ್ಕು ಉಜ್ಜುವುದನ್ನು ನೋಡುತ್ತಾ ಉಣ್ಣುತ್ತಿದ್ದರು.

ಪುರಾಣದ ಮೊದಲ ಅಧ್ಯಾಯ ಹೀಗೆ. ಅರವತ್ತರ ದಶಕ. ಮಹಾಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳೆಲ್ಲ ವಯಸ್ಸಿಗೆ ಬಂದಿವೆ. ಅಪ್ಪನ ದೊಡ್ಡ ಹಡಗಿನಂಥ ಕಾರು ಬೇಡ, ನಮ್ಮದೇ ಒಂದು ಇರಲಿ ಎಂಬ ಹಟ. ಆದರೆ ಕಂಪನಿಯ ಮೇಲಿನವರು ಹಿಂದೊಂದು ಕಾರಿನಲ್ಲಿ ಕೈ ಸುಟ್ಟುಕೊಂಡಿದ್ದರು, ಹೊಸದಕ್ಕೆ ದುಡ್ಡು ಬಿಚ್ಚಲೊಲ್ಲರು. ಅವರಲ್ಲಿ ಸಂಸಾರಸ್ಥರು ಕೊಳ್ಳುವ ಒಂದು ಸಪ್ಪೆ ಕಾರು ಇತ್ತು. ಅದರದೇ ತಳ, ಅದರದೇ ಬಿಡಿಭಾಗ ತೆಗೆದುಕೊಂಡು ಮೇಲೆ ಬೇರೆ ಮೈ ಕೂರಿಸಿದರು. ಉದ್ದ ಮೂತಿ, ಮೋಟು ಬಾಲ. ನಿನ್ನೆ ಅದೇ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಿದ್ದೆ, ಇವತ್ತು ಈರುಳ್ಳಿ ಕೊತ್ತಂಬರಿ ಹಾಕಿ ರೊಟ್ಟಿ ತಟ್ಟಿದೀನಿ, ಮನೆಯವರು ಇವತ್ತೇನು ಸ್ಪೆಷಲ್ಲು ಅಂದರು, ಅಷ್ಟೇ ಕಣೇ ಎಂದು ಟೀಚರು ತಾತ್ಪರ್ಯ ಹೇಳುತ್ತಿದ್ದರು.

ಎರಡನೆಯ ಅಧ್ಯಾಯಕ್ಕೆ ಬಸ್ಸಿನ ಹಿಂದಿನ ಸೀಟಿನವರೂ ಕಿವಿ ಚಾಚುತ್ತಿದ್ದರು. ಕಾರು ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ, ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಮುಚ್ಚಿ ನಿಲ್ಲಿಸಿದ್ದಾರೆ. ಒಬ್ಬ ಹೆಣ್ಣುಮಗಳು, ಚಿಕ್ಕ ವಯಸ್ಸು, ಹೊಸದಾಗಿ ಕೆಲಸಕ್ಕೆ ಸೇರಿದವಳು, ಓಡಾಡಲು ಕಾರು ಬೇಕೆಂದು ಬರುತ್ತಾಳೆ. ಅಂಗಡಿಯವನು ಆಸೆ ತಡೆಯದೆ ಬಟ್ಟೆ ಸರಿಸಿ ತೋರಿಸುತ್ತಾನೆ. ಅವಳು ಇದೇ ಬೇಕು, ಈಗಲೇ ಬೇಕು ಅನ್ನುತ್ತಾಳೆ. ದೇಶದಲ್ಲಿ ಯಾರ ಹತ್ತಿರವೂ ಇಲ್ಲದ ಕಾರನ್ನು ಅವತ್ತೇ ಓಡಿಸಿಕೊಂಡು ಮನೆಗೆ ಹೋಗುತ್ತಾಳೆ. ಇಷ್ಟು ಹೇಳಿ ಟೀಚರು ಕ್ಯಾರಿಯರಿನ ಮೇಲೆ ಕೈ ಕಟ್ಟಿ ಕೂತುಬಿಡುತ್ತಿದ್ದರು. ಕಂಡಕ್ಟರೂ ಟಿಕೆಟ್ಟು ಹರಿಯುವುದನ್ನು ನಿಲ್ಲಿಸಿ ನೋಡುತ್ತಿದ್ದ.

"ಅವ್ಳು ಏನ್ ಕೆಲ್ಸ ಮಾಡ್ತಿದ್ಲು ಹೇಳು ನೋಡನ. ಟೀಚರು ಕಣೇ. ನಿನ್ನಂಗೆ ನನ್ನಂಗೆ ಪ್ರೈಮರಿ ಇಸ್ಕೂಲ್ ಟೀಚರು."

ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿ ನಾನೇ ಮೊಬೈಲಿನಲ್ಲಿ ಹುಡುಕಿದೆ. ನಿಜವಾಗಿತ್ತು. ಆವತ್ತಿನಿಂದ ನನಗೂ ರೋಗ ಅಂಟಿತು ಅನ್ನಿ.

ಶೋರೂಮಿನ ಗಾಜಿನಾಚೆ ನಿಂತ ಕಾರು ನೋಡುತ್ತಾ ನೋಡುತ್ತಾ ಲಾರಿ ಡ್ರೈವರನೊಬ್ಬ ಲಾರಿಯನ್ನೇ ಗಾಜಿನೊಳಕ್ಕೆ ನುಗ್ಗಿಸಿದನಂತೆ. ಇನ್ನೊಬ್ಬ ಕಾರು ಬೇರೆಯವರ ಪಾಲಾಗುತ್ತದೆಂಬ ಭಯಕ್ಕೆ ತನ್ನ ಚೆಕ್ಕು ಪಾಸಾಗುವ ತನಕ ಅಂಗಡಿಯಲ್ಲಿ ಕಾರಿನೊಳಗೇ ಮಲಗಿದನಂತೆ. ಇಂಥವನ್ನೆಲ್ಲ ಟೀಚರು ಅಂತೆಕಂತೆ ಎಂದೇ ಹೇಳಿ, ಸುಳ್ಳಾದರೂ ಚೆನ್ನಾಗೈತಲ್ಲೇ ಎಂದು ತಾವೇ ಮೊದಲು ನಗುತ್ತಿದ್ದರು. ಮಿಕ್ಕ ಕಂಪನಿಗಳು ಹೊಟ್ಟೆಕಿಚ್ಚಿಗೆ ಬಿದ್ದು ತಮ್ಮ ತಮ್ಮ ಪೈಲ್ವಾನರನ್ನು ಅಖಾಡಕ್ಕೆ ಇಳಿಸಿದ್ದು, ವರ್ಷ ವರ್ಷ ಇಂಜಿನ್ನು ಊದಿಕೊಂಡದ್ದು, ಸಿಗ್ನಲ್ಲಿನಲ್ಲಿ ಹಸಿರು ಬೀಳುವುದೇ ತಡ ಹುಡುಗರು ರಸ್ತೆಗೆ ರಬ್ಬರು ಬಳಿದದ್ದು, ಇವೆಲ್ಲ ಒಂದೊಂದು ವಾರದ ಕಥೆ. ಎಂಟು ಸಿಲಿಂಡರಿನ ಸದ್ದು ಹೇಗಿರುತ್ತದೆ ಎಂದು ನಾನು ಕೇಳಿದ್ದಕ್ಕೆ, ಎಂಟು ಜನ ಓರಗಿತ್ತಿಯರು ಒಂದೇ ಒರಳಿಗೆ ಒನಕೆ ಹಾಕಿದರೆ ಹೇಗೋ ಹಾಗೆ ಅಂದರು. ಆಮೇಲೆ ಬಾಯಿಯಲ್ಲೇ ಮಾಡಿ ತೋರಿಸಿದರು. ಮುಂದಿನ ಸೀಟಿನ ಅಜ್ಜಿಯ ಬುಟ್ಟಿಯಲ್ಲಿದ್ದ ಕೋಳಿ ಬೆದರಿ ರೆಕ್ಕೆ ಬಡಿಯಿತು.

ಎಪ್ಪತ್ತರ ದಶಕದ ಅಧ್ಯಾಯ ಮಾತ್ರ ಅವರಿಗೆ ಆಗಿಬರುತ್ತಿರಲಿಲ್ಲ. ಪೆಟ್ರೋಲಿಗೆ ತತ್ವಾರ ಬಂತು, ಹೊಗೆಗೆ ಕಾನೂನು ಬಂತು, ಕಾರನ್ನು ಕುಗ್ಗಿಸಿ, ಇಂಜಿನ್ನಿನ ಉಸಿರು ಹಿಸುಕಿ, ಹೆಸರೊಂದನ್ನು ಉಳಿಸಿ ಮಾರಿದರು. ಗಂಡನ ಮನೆಗೆ ಬಂದ ಹೊಸದರಲ್ಲಿ ನಮ್ಮನ್ನು ಮಾಡ್ತಾರಲ್ಲ ಹಂಗೆ ಎಂದು ಟೀಚರು ಕಿಟಕಿಯಾಚೆ ನೋಡುತ್ತಿದ್ದರು. ಕಾಲ ತಿರುಗಿ ಅದರ ಹಳೆಯ ಗತ್ತು ವಾಪಸು ಬಂದ ಕಥೆಯನ್ನು ಆವತ್ತೇ ಹೇಳಿ ಮುಗಿಸಿ, ಆಮೇಲೆಯೇ ಬಸ್ಸು ಇಳಿಯುತ್ತಿದ್ದರು. ದುಃಖದಲ್ಲಿ ಕಥೆ ನಿಲ್ಲಿಸಿದರೆ ಮಕ್ಕಳಿಗೆ ಪಾಠ ಮಾಡಲು ಆಗುವುದಿಲ್ಲ ಎಂಬುದು ಅವರ ಲೆಕ್ಕ.

ಮಕ್ಕಳಿಗೂ ಬಿಟ್ಟಿರಲಿಲ್ಲ. ಸಮಾಜದ ಪಾಠ ಬೇಗ ಮುಗಿದರೆ ಕಪ್ಪುಹಲಗೆಯ ಮೇಲೆ ಒಂದೇ ಗೀಟಿನಲ್ಲಿ ಕಾರು ಬರೆಯುತ್ತಿದ್ದರು. ಮೂತಿಯಿಂದ ಹೊರಟ ಸೀಮೆಸುಣ್ಣ ಬಾಲದಲ್ಲೇ ನಿಲ್ಲುತ್ತಿದ್ದುದು. ಆ ಹಳ್ಳಿಯಲ್ಲಿ ಅಕ್ಷರ ಮರೆತವರಿದ್ದಾರೆ, ಮಗ್ಗಿ ಮರೆತವರಿದ್ದಾರೆ. ಆ ಕಾರಿನ ಗೀಟು ಮರೆತವರಿಲ್ಲ.

ಇಷ್ಟೆಲ್ಲ ಆಗಿ ಟೀಚರು ಕಾರು ಓಡಿಸುತ್ತಿದ್ದರಾ ಎಂದು ಕೇಳಿದರೆ, ಇಲ್ಲ. ಲೈಸೆನ್ಸು ಇತ್ತು. ಒಂದು ಬೇಸಿಗೆ ರಜದಲ್ಲಿ ಮಧುಗಿರಿಯ ಡ್ರೈವಿಂಗ್ ಸ್ಕೂಲಿಗೆ ಸೇರಿ, ಪರೀಕ್ಷೆಯಲ್ಲಿ ಒಂದೇ ಏಟಿಗೆ ಪಾಸಾಗಿದ್ದರು. ಮನೆಯಲ್ಲಿ ಒಂದು ಪುಟ್ಟ ಬಿಳಿ ಕಾರೂ ಇತ್ತು. ಯಜಮಾನರು ಸೊಸೈಟಿಯಲ್ಲಿ ಗುಮಾಸ್ತರು, ದೇವರಂಥ ಮನುಷ್ಯ, ಹೆಂಡತಿಯ ಲೈಸೆನ್ಸನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದವರು. ಆದರೆ ಕಾರಿಗೆ ಮಾತ್ರ ಹಳೆಯ ಜಮಖಾನದಿಂದ ಹೊದಿಕೆ ಹೊಲಿಸಿ, ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಸಂಜೆ ಬಸ್‌ಸ್ಟ್ಯಾಂಡಿಗೆ ತಾವೇ ಕಾರು ತಂದು ನಮ್ಮಿಬ್ಬರನ್ನೂ ಕರೆದೊಯ್ಯುತ್ತಿದ್ದರು. ನನ್ನನ್ನು ನಮ್ಮ ಬೀದಿಯ ತಿರುವಿನಲ್ಲಿ ಇಳಿಸುವರು. ನಾನು ಓಡಿಸಲಾ ಎಂಬ ಭಾವ ಟೀಚರ ಮುಖದಲ್ಲಿ ಬಂದರೆ ಸಾಕು, ನಿಂಗ್ಯಾಕೆ ಕಷ್ಟ, ನಾನಿಲ್ವಾ ಅನ್ನುವರು. ಆ ಪ್ರೀತಿಯ ಎದುರು ಯಾವ ಹೆಂಗಸು ತಾನೆ ಜಗಳ ಆಡಿಯಾಳು. ಲೈಸೆನ್ಸು ಕಾಲಕಾಲಕ್ಕೆ ರಿನ್ಯೂ ಆಗುತ್ತಾ ಪರ್ಸಿನಲ್ಲೇ ಇತ್ತು.

ಒಂದು ದಿನ ಬಸ್ಸಿನಲ್ಲಿ ಟೀಚರು ದನಿ ತಗ್ಗಿಸಿ ಹೇಳಿದರು.

"ಸಾಯೋದ್ರೊಳಗೆ ಒಂದ್ಸಲ ಆ ಕಾರು ಓಡುಸ್ಬೇಕು ಕಣೇ. ನೋಡದಲ್ಲ, ಕೂರದಲ್ಲ. ಓಡ್ಸದು."

ನನ್ನ ನಾಲಗೆ ಸುಮ್ಮನಿರುವುದಲ್ಲ. ಮನೆಯಲ್ಲಿರುವ ಬಿಳಿ ಕಾರಿನ ಕೀಲಿಯನ್ನೇ ಕೊಡುವುದಿಲ್ಲ, ಅಮೆರಿಕದ ಕಾರನ್ನು ಯಾರಕ್ಕ ಕೊಡುತ್ತಾರೆ ಅಂದೆ. ಟೀಚರಿಗೆ ಬೇಜಾರಾಗಲಿಲ್ಲ. ಕೊಡಲ್ಲ ಅಂತ ಅವರು ಅಂದಿಲ್ಲ, ಕೊಡಿ ಅಂತ ನಾನೂ ಬಾಯಿಬಿಟ್ಟು ಕೇಳಿಲ್ಲ, ಕೇಳೋಕೆ ಯಾಕೋ ಆಗಲ್ಲ ಕಣೇ ಅಂದರು. ಅದೊಂದು ಮಾತು ಹೇಳುವಾಗ ಮಾತ್ರ ಅವರ ಮುಖದಲ್ಲಿ ನಗು ಇರಲಿಲ್ಲ.

ಅವರು ರಿಟೈರಾಗುವ ವರ್ಷದ ಶ್ರಾವಣ. ಶನಿವಾರ, ಬೆಳಗಿನ ಶಾಲೆ ಬಿಟ್ಟಿತ್ತು. ಬೀಗ ಹಾಕುತ್ತಿದ್ದಾಗ ಟೀಚರ ಫೋನು ಹೊಡೆದುಕೊಂಡಿತು. ಅಂಜಿನಮ್ಮ ಎಂಬ ಹಳೆಯ ವಿದ್ಯಾರ್ಥಿನಿ. ಪಾವಗಡಕ್ಕೆ ಮದುವೆಯಾಗಿ ಹೋದವಳು, ಶನಿಮಹಾತ್ಮನ ಗುಡಿಯ ಎದುರು ಹೂವು, ನಿಂಬೆಹಣ್ಣು, ಬೂದುಗುಂಬಳ ಮಾರುತ್ತಿದ್ದಳು. ಅವಳ ದನಿ ಫೋನಿನಿಂದ ನನಗೂ ಕೇಳುತ್ತಿತ್ತು.

"ಮೇಡಂ, ನೀವು ಬೋರ್ಡ್ ಮೇಲೆ ಬರೀತಿದ್ರಲ್ಲ ಉದ್ದ ಮೂತಿ ಕಾರು, ಅದು ಬಂದ್ಬುಟ್ಟೈತೆ. ಗುಡಿ ಮುಂದ್ಗಡೆ ನಿಂತೈತೆ, ನಿಜಂಗಾ. ಪೂಜೆ ಆಗ್ತೈತೆ, ಬಿರ್ರನೆ ಬಂದ್ಬುಡಿ."

ಟೀಚರು ನನ್ನನ್ನು ನೋಡಿದರು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು ರಸ್ತೆಗೆ ಓಡಿದರು. ಆ ವಯಸ್ಸಿನಲ್ಲಿ ಅವರು ಹಾಗೆ ಓಡಬಲ್ಲರು ಎಂದು ನನಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಶ್ರಾವಣ ಶನಿವಾರ ಅಂದರೆ ಪಾವಗಡದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೆಂಗಸರಿಗೆ ಟಿಕೆಟ್ಟು ಬಿಟ್ಟಿಯಾದ ಮೇಲಂತೂ ಶನಿದೇವರಿಗೆ ಭಕ್ತೆಯರು ವಿಪರೀತ. ಬಂದ ಬಸ್ಸುಗಳು ನಿಲ್ಲಿಸದೆ ಹೋದವು. ಕೊನೆಗೆ ಖಾಲಿ ಟೊಮೇಟೊ ಕ್ರೇಟು ತುಂಬಿಕೊಂಡು ಹೋಗುತ್ತಿದ್ದ ಗೂಡ್ಸ್ ಗಾಡಿಯೊಂದಕ್ಕೆ ಟೀಚರು ರಸ್ತೆಯ ಮಧ್ಯೆ ನಿಂತು ಕೈ ಅಡ್ಡ ಹಾಕಿದರು. ಮುಂದಿನ ಸೀಟಿನಲ್ಲಿ ನಾವಿಬ್ಬರೂ ಇರುಕಿಕೊಂಡೆವು. ಒಂದೊಂದು ರಸ್ತೆಯುಬ್ಬಿಗೂ ಕ್ಯಾರಿಯರಿನ ಸಾರು ನನ್ನ ಸೀರೆಯ ಮೇಲೆ. ಟೀಚರು ಡ್ರೈವರನಿಗೆ ಮೊದಲ ಅಧ್ಯಾಯದಿಂದ ಪುರಾಣ ಶುರು ಮಾಡಿದರು. ಅವನು ಎಲ್ಲ ಕೇಳಿ, ಕೊನೆಗೆ ಮೈಲೇಜು ಎಷ್ಟು ಕೊಡುತ್ತದೆ ಎಂದು ಕೇಳಿದ. ಟೀಚರು ಅವನ ಜೊತೆ ಮಾತು ಬಿಟ್ಟರು.

ಇತ್ತ ಗುಡಿಯ ಮುಂದೆ ಅಂಜಿನಮ್ಮ ಬೇರೆಯೇ ಆಟ ಹೂಡಿದ್ದಳು. ಕಾರಿನ ಮಾಲೀಕರು ಬೆಂಗಳೂರಿನ ಕಂಟ್ರಾಕ್ಟರು. ಹಳೆಯ ಮಸ್ಟ್ಯಾಂಗನ್ನು ಯಾರಿಂದಲೋ ಕೊಂಡು ರಿಪೇರಿ ಮಾಡಿಸಿದಾಗಿನಿಂದ ಅವರಿಗೆ ಒಂದಲ್ಲ ಒಂದು ಅಡ್ಡಿ. ಜೋಯಿಸರು ಸಾಡೇಸಾತಿ ಎಂದಿದ್ದಾರೆ, ಕಾರನ್ನೇ ಶನಿದೇವರ ಮುಂದೆ ನಿಲ್ಲಿಸಿ ಎಂದಿದ್ದಾರೆ. ಪೂಜೆಯಾಗಿ, ಮಂಗಳಾರತಿಯಾಗಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಗಿದೆ. ಅದರ ಮೇಲೆ ಹಾಯಿಸಿಕೊಂಡು ಹೊರಡಬೇಕು ಅನ್ನುವಾಗ ಅಂಜಿನಮ್ಮ, ಸಾರ್, ಇನ್ನೇನು ಯಮಗಂಡಕಾಲ ಶುರು, ಈಗ ಗಾಡಿ ತೆಗೆದರೆ ಮಾಡಿದ ಪೂಜೆ ನೀರಲ್ಲಿ ಹೋಮ ಎಂದು ಅಡ್ಡ ನಿಂತಳು. ಯಮಗಂಡಕಾಲ ನಿಜವಾಗಿಯೂ ಶುರುವಾಗುವುದಿತ್ತು, ಅದೊಂದು ಪುಣ್ಯ. ಆ ಮನುಷ್ಯ ಮೂರು ಗಂಟೆಯವರೆಗೆ ಅವಳ ಅಂಗಡಿಯ ಸ್ಟೂಲಿನ ಮೇಲೆ ಎಳನೀರು ಕುಡಿಯುತ್ತಾ ಕೂತರು.

ನಾವು ಹೋಗಿ ಇಳಿದಾಗ ಅದು ನಿಂತಿತ್ತು. ಕಡುನೀಲಿ ಮೈ. ಬಾನೆಟ್ಟಿನ ಮೇಲೆ ಮೂರು ಪಟ್ಟೆ ವಿಭೂತಿ, ಕತ್ತಿಗೆ ಚೆಂಡುಹೂವಿನ ಹಾರ. ಮೂತಿಯ ಜಾಲರಿಯಲ್ಲಿ ಓಡುತ್ತಿರುವ ಬೆಳ್ಳಿ ಬಣ್ಣದ ಕುದುರೆ, ಅದರ ಹಣೆಗೂ ಯಾರೋ ಕುಂಕುಮ ಇಟ್ಟಿದ್ದರು. ಟೀಚರು ದೂರದಲ್ಲೇ ಚಪ್ಪಲಿ ಬಿಟ್ಟರು. ಸುತ್ತಲಿನವರು ಗುಡಿಗೆ ಅಂದುಕೊಂಡರು, ಬಿಟ್ಟದ್ದು ಕಾರಿಗೆ. ಬರಿಗಾಲಿನಲ್ಲಿ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಮುಟ್ಟಲಿಲ್ಲ. ಬಾಲದ ಹತ್ತಿರ ನಿಂತು ಪೆಟ್ರೋಲಿನ ವಾಸನೆ ಎಳೆದುಕೊಂಡರು. ನನ್ನ ಕೈ ಹಿಡಿದುಕೊಂಡರು.

ಮಾಲೀಕರು ಎದ್ದು ಬಂದು, ಏನಮ್ಮ, ಕಾರು ಚೆನ್ನಾಗಿದೆಯಾ ಎಂದು ಸುಮ್ಮನೆ ಕೇಳಿದರು. ಪಾಪ, ಅವರಿಗೇನು ಗೊತ್ತು. ಟೀಚರು ಶುರು ಮಾಡಿಕೊಂಡರು. ಮುದ್ದೆ ರೊಟ್ಟಿಯಿಂದ ಹಿಡಿದು ಲಾರಿ ಡ್ರೈವರನವರೆಗೆ, ಸುತ್ತ ಗುಂಪು ಕಟ್ಟಿತು, ಕನ್ನಡ ಬಾರದವರಿಗೆ ಅಂಜಿನಮ್ಮ ತೆಲುಗಿನಲ್ಲಿ ಹೇಳಿದಳು. ಮಾಲೀಕರು ಕರಿ ಕನ್ನಡಕ ತೆಗೆದು ಬಾಯಿ ಬಿಟ್ಟುಕೊಂಡು ಕೇಳಿದರು. ಮೂರು ಗಂಟೆ ಹೊಡೆದದ್ದು ಗೊತ್ತೇ ಆಗಲಿಲ್ಲ. ಕೊನೆಗೆ ಅವರು ಬಹಳ ಸಂತೋಷವಾಗಿ, ಬನ್ನಿ ಮೇಡಂ, ನಿಮ್ಮನ್ನೇ ಮೊದಲು ಕೂರಿಸಿಕೊಂಡು ಒಂದು ರೌಂಡು ಹೋಗಿಬರುತ್ತೇನೆ ಅಂದರು. ನನಗೂ ಹಿಂದೆ ಜಾಗವಿದೆ ಅಂದರು.

ನಮ್ಮ ಹೆಂಗಸರು ಕಾರು ಹತ್ತುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಮುಂದೆ ಕೂರುವುದಾದರೆ ಎಡಗಡೆಯ ಬಾಗಿಲು. ಟೀಚರು ನೆಟ್ಟಗೆ ಎಡಗಡೆಗೆ ನಡೆದರು, ಬಾಗಿಲು ತೆಗೆದರು, ಸೀರೆ ಸರಿಮಾಡಿಕೊಂಡು ಕೂತರು, ಬಾಗಿಲು ಹಾಕಿಕೊಂಡರು. ಅಮೆರಿಕದ ಕಾರಲ್ಲವೇ, ಸ್ಟೀರಿಂಗು ಇದ್ದದ್ದು ಎಡಗಡೆ, ಅವರ ಎದುರಿಗೇ.

ಗುಂಪೆಲ್ಲ ಗೊಳ್ಳೆಂದಿತು. ಮಾಲೀಕರೂ ನಕ್ಕು, ಅದು ಡ್ರೈವರ್ ಸೀಟು, ಈ ಕಾರಲ್ಲಿ ಎಲ್ಲ ಉಲ್ಟಾ, ಈ ಕಡೆ ಬನ್ನಿ ಮೇಡಂ ಅಂದರು. ಟೀಚರು ನಗಲಿಲ್ಲ, ಇಳಿಯಲೂ ಇಲ್ಲ. ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದು ಎದುರಿಗೆ ನೋಡುತ್ತಾ ಕೂತಿದ್ದರು. ಮಾಲೀಕರು ಇನ್ನೊಮ್ಮೆ ಕರೆದರು. ಈ ಸಲ ದನಿಯಲ್ಲಿ ನಗು ಕಮ್ಮಿಯಿತ್ತು. ಕೇಳೋಕೆ ಆಗಲ್ಲ ಕಣೇ ಅಂದಿದ್ದರಲ್ಲ, ಈಗಲೂ ಅವರ ಬಾಯಿಂದ 'ಓಡುಸ್ಲಾ' ಎಂಬ ಒಂದು ಮಾತು ಹೊರಡುತ್ತಿಲ್ಲ.

ಹೊರಟಿತು. ಬಹಳ ಸಣ್ಣಗೆ, ಆದರೆ ಎಲ್ಲರಿಗೂ ಕೇಳುವಂತೆ.

"ಸಾರ್, ನಾನೇ ಓಡುಸ್ತೀನಿ. ಲೈಸೆನ್ಸ್ ಐತೆ."

ಮಾಲೀಕರ ಮುಖ ನೋಡಬೇಕಿತ್ತು. ಇಲ್ಲ ಅನ್ನಲು ಅವರ ಬಾಯಿ ತೆರೆಯುತ್ತಿರುವುದು ಕಾಣುತ್ತಿತ್ತು. ಅಷ್ಟರಲ್ಲಿ ಅಂಜಿನಮ್ಮ ಕೈಯಲ್ಲಿ ಬೂದುಗುಂಬಳ ಹಿಡಿದೇ ಮುಂದೆ ಬಂದಳು.

"ಅಯ್ಯೋ ದೇವುಡಾ, ಎಬ್ಬುಸ್ಬ್ಯಾಡಿ ಸಾರ್. ನಿಂಬೆಹಣ್ಣು ಇಟ್ಟ್ ಮ್ಯಾಲೆ ಮೊದ್ಲು ಕೂತ ಮುತ್ತೈದೇನ ಇಳುಸ್ಬಾರ್ದು. ಇಳುಸಿದ್ರೆ ಶನಿ ಅಲ್ಲೇ ಕೂತ್ಕಂತಾನೆ."

ಇಂಥದೊಂದು ಶಾಸ್ತ್ರ ಭೂಮಿಯ ಮೇಲೆ ಎಲ್ಲೂ ಇಲ್ಲ. ಅವಳಿಗೆ ಆಗಲೇ ಹೊಳೆದದ್ದು. ಮಾಲೀಕರು ಗಾಬರಿಯಿಂದ ಪೂಜಾರಪ್ಪನ ಕಡೆ ನೋಡಿದರು. ಪೂಜಾರಪ್ಪ ಅಂಜಿನಮ್ಮನನ್ನು ನೋಡಿದ, ಕಾರಿನೊಳಗಿನ ಟೀಚರನ್ನು ನೋಡಿದ, ಗಂಟಲು ಸರಿಮಾಡಿಕೊಂಡು, ಹಾಗೆ ಹೇಳುವುದುಂಟು ಎಂದು ಗುಡಿಯೊಳಕ್ಕೆ ಹೋಗಿಬಿಟ್ಟ. ಶನಿಗೆ ಹೆದರಿ ಅಷ್ಟು ದೂರ ಬಂದ ಮನುಷ್ಯ ಇನ್ನೇನು ಮಾಡಿಯಾರು. ಸುತ್ತಿಬಂದು ಬಲಗಡೆ ಕೂತು ಕೀಲಿ ಕೊಟ್ಟರು. ನಾನು ಹಿಂದೆ ತೆಂಗಿನಕಾಯಿ ಹೋಳುಗಳ ಜೊತೆ ಕೂತೆ.

ಕೀಲಿ ತಿರುಗಿದ್ದೇ ತಡ ಕೆಳಗಿನಿಂದ ಒನಕೆಗಳು ಶುರುವಾದವು. ಸೀಟು, ಬೆನ್ನು, ಹಲ್ಲು ಎಲ್ಲ ಅದುರಿದವು. ಟೀಚರ ಎಡಗೈ ಅಭ್ಯಾಸದಿಂದ ಗೇರು ಹುಡುಕುತ್ತಾ ಹೋಗಿ ಬಾಗಿಲಿಗೆ ಬಡಿಯಿತು. ಅವರು ಬಾಗಿಲಿಗೆ ಸಾರಿ ಅಂದರು. ಆಮೇಲೆ ಬಲಗೈಗೆ ಗೇರು ಸಿಕ್ಕಿತು. ಕಾರು ಒಮ್ಮೆ ಜಗ್ಗಿತು, ನಿಂಬೆಹಣ್ಣುಗಳು ಪಚ್ ಪಚ್ ಎಂದು ಒಡೆದವು, ಗುಂಪು ಎರಡು ಭಾಗವಾಗಿ ದಾರಿ ಬಿಟ್ಟಿತು. ಮೊದಲು ನಾವು ಹೋದ ವೇಗಕ್ಕೆ ಸೈಕಲ್ಲಿನ ಐಸ್‌ಕ್ಯಾಂಡಿಯವನು ನಮ್ಮನ್ನು ಹಿಂದೆ ಹಾಕಿದ. ಊರು ದಾಟಿ ಮಧುಗಿರಿ ರಸ್ತೆಗೆ ಬಿದ್ದಾಗ ಟೀಚರು ಗೇರು ಬದಲಿಸಿದರು, ಪಾದ ಒತ್ತಿದರು. ನನ್ನ ಬೆನ್ನು ಸೀಟಿಗೆ ಹೋಗಿ ಅಂಟಿತು. ಮಾಲೀಕರು ಇಲ್ಲದ ಬ್ರೇಕನ್ನು ಕಾಲಿನಿಂದ ತುಳಿಯುತ್ತಾ ಶನಿಸ್ತೋತ್ರ ಹೇಳುತ್ತಿದ್ದರು. ಬಾನೆಟ್ಟಿನ ಹಾರ ಕಿತ್ತುಕೊಂಡು ಕಿಟಕಿಯ ಪಕ್ಕದಿಂದ ಹಾರಿಹೋಯಿತು. ಟೀಚರು ಹಾಡಲಿಲ್ಲ, ಕೂಗಲಿಲ್ಲ. ಕನ್ನಡಿಯಲ್ಲಿ ನನಗೆ ಅವರ ಹಲ್ಲುಗಳು ಮಾತ್ರ ಕಾಣುತ್ತಿದ್ದವು. ನಾನೇ ಹುಚ್ಚಿಯ ಹಾಗೆ ಕೂಗಿಕೊಂಡೆ. ಬಂಡೆಗಳು, ಕಡಲೆಕಾಯಿ ಹೊಲಗಳು, ಎದುರು ಬರುತ್ತಿದ್ದ ಬಸ್ಸಿನ ಕಿಟಕಿಗಳ ತುಂಬ ಬೆರಗಾದ ಮುಖಗಳು, ಎಲ್ಲ ಹಿಂದಕ್ಕೆ ಹೋದವು.

ಕಾರನ್ನು ತಿರುಗಿಸಿ ತಂದು, ಹೊರಟ ಜಾಗದಲ್ಲೇ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಟೀಚರು ಥ್ಯಾಂಕ್ಸ್ ಸಾರ್ ಅಂದರು. ಮಾಲೀಕರು ಬೆವರು ಒರೆಸಿಕೊಂಡು, ನಮ್ಮ ಡ್ರೈವರನಿಗಿಂತ ವಾಸಿ ಅಂದರು. ಅಂಜಿನಮ್ಮ ಟೀಚರ ಕಾಲಿಗೆ ಬಿದ್ದು, ಎದ್ದು, ಬೂದುಗುಂಬಳ ಒಡೆದಳು.

ವಾಪಸು ಬಸ್ಸಿನಲ್ಲಿ ಸೀಟು ಸಿಕ್ಕಿತು. ಬಸ್ಸು ಮಿಡಿಗೇಶಿ ದಾಟಿತು. ನನಗೆ ತಡೆಯಲಾಗಲಿಲ್ಲ. ಅಕ್ಕ, ಅದರ ಒಂದೊಂದು ನಟ್ಟೂ ನಿಮಗೆ ಗೊತ್ತು, ಸ್ಟೀರಿಂಗು ಎಡಗಡೆ ಇರುವುದು ಗೊತ್ತಿರಲಿಲ್ಲವಾ ಅಂದೆ.

"ಗೊತ್ತಿತ್ತು ಕಣೇ. ಮದ್ವೆ ಆದಾಗ್ಲಿಂದ ಎಡಗಡೆನೇ ಕೂತಿದೀನಿ. ಇವತ್ತೂ ಅಲ್ಲೇ ಕೂತೆ. ಯಾರ್ ತಪ್ಪು?"

ಬಸ್ಸೇ ತಿರುಗಿ ನೋಡುವ ಹಾಗೆ ನಕ್ಕೆವು.

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಸಂಜೆಯಾಗಿತ್ತು. ತಡವಾಗುತ್ತದೆಂದು ಮೊದಲೇ ಫೋನಿನಲ್ಲಿ ಹೇಳಿದ್ದರಿಂದ ಯಜಮಾನರು ಯಾವಾಗಲೂ ನಿಲ್ಲಿಸುವ ಜಾಗದಲ್ಲಿ ಬಿಳಿ ಕಾರು ನಿಲ್ಲಿಸಿ, ಸ್ಟೀರಿಂಗಿನ ಹಿಂದೆ ಕೂತು ಪೇಪರು ಓದುತ್ತಿದ್ದರು. ನಾನು ಹಿಂದಿನ ಬಾಗಿಲ ಹಿಡಿಗೆ ಕೈ ಹಾಕಿದೆ. ಟೀಚರು ಎಡಗಡೆಗೆ ಹೋಗಲಿಲ್ಲ. ಸುತ್ತಿಬಂದು ಯಜಮಾನರ ಕಡೆಯ ಬಾಗಿಲು ತೆಗೆದು ನಿಂತರು. ಕೂದಲು ಕೆದರಿತ್ತು, ಹಣೆಯಲ್ಲಿ ವಿಭೂತಿ, ಸೀರೆಯಲ್ಲಿ ನಿಂಬೆಹಣ್ಣಿನ ವಾಸನೆ.

"ಅತ್ಲಾಗ್ ಸರ್ಕಳಿ," ಅಂದರು.

ಅವರು ಹೆಂಡತಿಯ ಮುಖ ನೋಡಿದರು. ನಿಂಗ್ಯಾಕೆ ಕಷ್ಟ ಎನ್ನುವ ಮಾತು ತುಟಿಯವರೆಗೆ ಬಂದು ವಾಪಸು ಹೋದದ್ದನ್ನು ನಾನು ಕಂಡೆ.

"ಲೈಸೆನ್ಸ್ ಇಟ್ಕಂಡಿದೀಯಾ?" ಎಂದು ಕೇಳಿದರು.

ಟೀಚರು ಪರ್ಸು ತಟ್ಟಿ ತೋರಿಸಿದರು. ಆ ದಪ್ಪ ಮನುಷ್ಯ ಇಳಿದು ಸುತ್ತಿಬರುವುದು ಬಿಟ್ಟು, ಪೇಪರು ಮಡಚಿ, ಪಂಚೆ ಎತ್ತಿಕೊಂಡು, ಗೇರಿನ ಮೇಲೆ ಕಾಲು ದಾಟಿಸಿ ಒದ್ದಾಡಿಕೊಂಡು ಎಡಗಡೆಗೆ ಸರಿದರು. ಟೀಚರು ಕೂತರು. ಒಂದು ಸಲ ಆಫಾಯಿತು, ಎರಡನೆಯ ಸಲ ಹೊರಟಿತು. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಇಂಡಿಕೇಟರು ಸರಿಯಾಗಿಯೇ ಹಾಕಿ, ಕಾರು ಪೇಟೆಬೀದಿಯ ಕಡೆ ಹೋಯಿತು. ನಾನು ಬಾಗಿಲ ಹಿಡಿಗೆ ಹಾಕಿದ್ದ ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದೆ. ನನ್ನನ್ನು ಹತ್ತಿಸಿಕೊಳ್ಳುವುದನ್ನು ಇಬ್ಬರೂ ಮರೆತಿದ್ದರು.